ಜಪಾನಿ ಕೈಗಡಿಯಾರಗಳು
ಹಳೆಯ ಮತ್ತು ಹೊಸ ಮಾದರಿಗಳನ್ನು ಹೋಲಿಸಿ ನೋಡುವ ಸಂಗ್ರಾಹಕರಿಗೆ ಪ್ರಿಯವಾದ ಗಡಿಯಾರಗಳು. ಕಿಂಟಾರೊ ಹಟ್ಟೋರಿ 1881ರಲ್ಲಿ ಟೋಕಿಯೊದಲ್ಲಿ ತೆರೆದ ಅಂಗಡಿಯಿಂದ ಬೆಳೆದ ಸೀಕೊ ಸಂಸ್ಥೆಯು 1913ರಲ್ಲಿ ದೇಶದ ಮೊದಲ ಕೈಗಡಿಯಾರ ‘ಲಾರೆಲ್’ ಅನ್ನೂ 1969ರಲ್ಲಿ ಮಾರಾಟಕ್ಕೆ ಬಂದ ಜಗತ್ತಿನ ಮೊದಲ ಕ್ವಾರ್ಟ್ಸ್ ಕೈಗಡಿಯಾರ ‘ಆಸ್ಟ್ರಾನ್’ ಅನ್ನೂ ತಯಾರಿಸಿತು. ಯಾಂತ್ರಿಕ ಗಡಿಯಾರವು ಸುತ್ತಿದ ಸ್ಪ್ರಿಂಗಿನ ಬಲದಿಂದ ನಡೆದರೆ, ಇಂದಿನ ಸಾಮಾನ್ಯ ಕ್ವಾರ್ಟ್ಸ್ ಗಡಿಯಾರವು ಬ್ಯಾಟರಿಯ ವಿದ್ಯುತ್ತಿನಿಂದ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವನ್ನು ಆಧರಿಸಿರುವುದರಿಂದ ಹೆಚ್ಚು ನಿಖರವಾಗಿರುತ್ತದೆ. 1999ರಲ್ಲಿ ಬಂದ ಸೀಕೊದ ‘ಸ್ಪ್ರಿಂಗ್ ಡ್ರೈವ್’ ಗಡಿಯಾರ ಈ ಎರಡೂ ತತ್ತ್ವಗಳನ್ನು ಒಂದುಗೂಡಿಸಿತು. ಹಲವು ಹಳೆಯ ಸೀಕೊ ಗಡಿಯಾರಗಳ ಹಿಂಬದಿಯ ಕ್ರಮಸಂಖ್ಯೆಯಲ್ಲಿ ಮೊದಲ ಅಂಕಿ ತಯಾರಿಕೆಯ ವರ್ಷದ ಕೊನೆಯ ಅಂಕಿಯನ್ನೂ ಎರಡನೆಯದು ತಿಂಗಳನ್ನೂ ಸೂಚಿಸುವುದರಿಂದ, ದಶಕವನ್ನು ಮಾದರಿಯ ಆಧಾರದಿಂದಲೇ ನಿರ್ಧರಿಸಬೇಕಾಗುತ್ತದೆ. ಭಾರತಕ್ಕೂ ಜಪಾನಿ ಗಡಿಯಾರಗಳ ನಂಟಿದೆ: ಬೆಂಗಳೂರಿನ ಎಚ್‌.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ ಕೈಗಡಿಯಾರ ತಯಾರಿಕೆಯನ್ನು ಆರಂಭಿಸಿತು.