ಶೀತಲ ಸಮರದ ಮುಕ್ತಾಯದಲ್ಲಿ ಅಧ್ಯಕ್ಷ ರೇಗನ್ನರ ಪಾತ್ರ

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೂ ಸೋವಿಯತ್ ಒಕ್ಕೂಟಕ್ಕೂ ನಡುವೆ ತಲೆದೋರಿದ ಶೀತಲ ಸಮರವು ನಾಲ್ಕು ದಶಕಗಳ ಕಾಲ ಜಗತ್ತನ್ನು ಭೀತಿಯಲ್ಲಿರಿಸಿತು. 1981ರಿಂದ 1989ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ನರ ಶಸ್ತ್ರಬಲವೇ ಅದನ್ನು ಕೊನೆಗಾಣಿಸಿತೆಂದು ಒಂದು ಪಕ್ಷದವರು ಹೇಳುತ್ತಾರೆ. ಎಲ್ಲವೂ ಸೋವಿಯತ್ ನಾಯಕ ಗೋರ್ಬಚೇವರ ಕಾರ್ಯವೆಂದು ಇನ್ನೊಂದು ಪಕ್ಷದವರು ವಾದಿಸುತ್ತಾರೆ. ಈ ಎರಡು ಮತಗಳನ್ನೂ ಘಟನೆಗಳ ಕಾಲಕ್ರಮದ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯ ಮತಕ್ಕೆ ಆಧಾರವಿಲ್ಲದಿಲ್ಲ. ರೇಗನ್ನರು ಅಧಿಕಾರಕ್ಕೆ ಬಂದೊಡನೆ ರಕ್ಷಣಾ ವೆಚ್ಚವನ್ನು ಬಹಳವಾಗಿ ಹೆಚ್ಚಿಸಿದರು. 1983ರ ಮಾರ್ಚಿ ತಿಂಗಳಿನಲ್ಲಿ ಸೋವಿಯತ್ ಒಕ್ಕೂಟವನ್ನು ದುಷ್ಟ ಸಾಮ್ರಾಜ್ಯವೆಂದು ಕರೆದರು. ಅದೇ ತಿಂಗಳಿನಲ್ಲಿ, ಶತ್ರುವಿನ ಕ್ಷಿಪಣಿಗಳನ್ನು ನಡುದಾರಿಯಲ್ಲಿಯೇ ನಾಶಪಡಿಸುವ ರಕ್ಷಣಾ ಯೋಜನೆಯನ್ನು ಸಾರಿದರು. ಆದರೆ ಇದರ ಸದ್ಯಃಫಲವು ಶಾಂತಿಯಾಗಿರಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಅಮೆರಿಕದ ಹೊಸ ಕ್ಷಿಪಣಿಗಳು ಪಶ್ಚಿಮ ಯೂರೋಪಿಗೆ ಬಂದೊಡನೆ ಸೋವಿಯತ್ ಪ್ರತಿನಿಧಿಗಳು ಜಿನೀವಾದ ಸಂಧಾನವನ್ನು ಬಿಟ್ಟೆದ್ದರು. ಬಲಪ್ರದರ್ಶನವೊಂದೇ ಸಾಕಾಗಿದ್ದರೆ ಎದುರಾಳಿಯು ಆಗಲೇ ಮಣಿಯಬೇಕಾಗಿದ್ದಿತು.

ಇಲ್ಲಿ ನಾವು ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. 1984ರ ಜನವರಿ 16ರ ಭಾಷಣದಲ್ಲಿಯೇ ರೇಗನ್ನರು ಮಾತುಕತೆಯ ಹಾದಿಯನ್ನು ತೆರೆದರು. ಗೋರ್ಬಚೇವರು ಪಕ್ಷದ ನಾಯಕತ್ವವನ್ನು ವಹಿಸಿಕೊಂಡದ್ದು 1985ರ ಮಾರ್ಚಿಯಲ್ಲಿ. ಆದುದರಿಂದ ರೇಗನ್ನರ ತಿರುವು ಗೋರ್ಬಚೇವರ ಕೊಡುಗೆಯೆನ್ನುವಂತಿಲ್ಲ. ಆದರೆ ಬ್ರೆಜ್ನೇವ್, ಆಂದ್ರೋಪೊವ್, ಚೆರ್ನೆಂಕೊ ಮೂವರೂ ಮೂರು ವರ್ಷಗಳೊಳಗೆ ಒಬ್ಬರ ಹಿಂದೆ ಒಬ್ಬರು ತೀರಿಕೊಂಡುದರಿಂದ, ಚಾಚಿದ ಕೈಯನ್ನು ಹಿಡಿಯುವವರು ಅಲ್ಲಿಯವರೆಗೆ ದೊರೆಯಲಿಲ್ಲ.

1985ರ ನವೆಂಬರಿನಲ್ಲಿ ಜಿನೀವಾದಲ್ಲಿ ಕೂಡಿದ ಇಬ್ಬರು ನಾಯಕರೂ, ಅಣುಯುದ್ಧದಲ್ಲಿ ಯಾರಿಗೂ ಗೆಲುವಿಲ್ಲವೆಂದೂ ಅದನ್ನು ಎಂದಿಗೂ ಹೂಡಕೂಡದೆಂದೂ ಒಪ್ಪಿದರು. 1986ರ ಅಕ್ಟೋಬರಿನ ರೇಕ್ಯಾವಿಕ್ ಸಭೆಯು ರಕ್ಷಣಾ ಯೋಜನೆಯ ವಿಷಯದಲ್ಲಿಯೇ ಮುರಿದುಬಿದ್ದಿತು. ಅದರ ಪ್ರಯೋಗಗಳು ಪ್ರಯೋಗಶಾಲೆಯನ್ನು ದಾಟಕೂಡದೆಂದು ಗೋರ್ಬಚೇವರು ಹಟ ಹಿಡಿದರು, ರೇಗನ್ನರು ಒಪ್ಪಲಿಲ್ಲ. 1987ರ ಫೆಬ್ರವರಿಯಲ್ಲಿ ಗೋರ್ಬಚೇವರು ಮಧ್ಯಗಾಮಿ ಕ್ಷಿಪಣಿಗಳ ಪ್ರಶ್ನೆಯನ್ನು ಆ ಯೋಜನೆಯಿಂದ ಬೇರ್ಪಡಿಸಿದ ಮೇಲೆ ದಾರಿ ಸುಗಮವಾಯಿತು. ಅದೇ ವರ್ಷದ ಡಿಸೆಂಬರ್ 8ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾದ ಒಪ್ಪಂದದ ಪ್ರಕಾರ, 500ರಿಂದ 5,500 ಕಿಲೋಮೀಟರುಗಳವರೆಗೆ ಸಾಗಬಲ್ಲ ನೆಲದ ಕ್ಷಿಪಣಿಗಳನ್ನು ಎರಡು ರಾಷ್ಟ್ರಗಳೂ ತೊಡೆದುಹಾಕಬೇಕಾಯಿತು. 1991ರ ವೇಳೆಗೆ ಅಮೆರಿಕದ 846, ಸೋವಿಯತ್ತಿನ 1,846 ಕ್ಷಿಪಣಿಗಳು ನಾಶವಾದುವು. ಹೆಚ್ಚಿನದನ್ನು ತೆತ್ತವರು ಗೋರ್ಬಚೇವರೆಂಬುದು ಇದರಿಂದ ವಿಶದವಾಗುತ್ತದೆ. ರೇಗನ್ನರೂ ಬೆಲೆ ತೆರದಿರಲಿಲ್ಲ: ತಮ್ಮನ್ನು ಮೋಸಹೋದವರೆಂದು ಹಳಿದ ಸ್ವಪಕ್ಷೀಯರನ್ನು ಎದುರಿಸಿ, 1988ರ ಮೇ ತಿಂಗಳಿನಲ್ಲಿ 93–5 ಮತಗಳಿಂದ ಸೆನೆಟ್ಟಿನ ಸಮ್ಮತಿಯನ್ನು ಪಡೆದರು. ಅದೇ ತಿಂಗಳ ಕೊನೆಯಲ್ಲಿ ಮಾಸ್ಕೋದಲ್ಲಿ ದುಷ್ಟ ಸಾಮ್ರಾಜ್ಯದ ಮಾತನ್ನು ಕುರಿತು ಕೇಳಿದಾಗ, ಅದು ಬೇರೆಯ ಕಾಲದ ಮಾತೆಂದು ಉತ್ತರಿಸಿದರು.

ಆದರೆ ಈ ಪಾತ್ರಕ್ಕೆ ಎಲ್ಲೆಗಳುಂಟು. ಬರ್ಲಿನ್ ಗೋಡೆಯು 1989ರ ನವೆಂಬರಿನಲ್ಲಿ ತೆರೆದಾಗ ರೇಗನ್ನರು ಅಧಿಕಾರದಲ್ಲಿರಲಿಲ್ಲ. ಜಾರ್ಜ್ ಬುಷ್ಷರು ಅಧ್ಯಕ್ಷರಾಗಿದ್ದರು. ಪೂರ್ವ ಯೂರೋಪಿನ ಜನರ ಮೇಲೆ ಸೈನ್ಯವನ್ನು ಬಿಡದಿದ್ದುದು ಗೋರ್ಬಚೇವರ ನಿರ್ಧಾರ. ಬೀದಿಗಿಳಿದುದು ಆ ಜನರ ಧೈರ್ಯ. 1991ರಲ್ಲಿ ಸೋವಿಯತ್ ಒಕ್ಕೂಟವು ಒಡೆದುದಕ್ಕೆ ಅಲ್ಲಿನ ಆರ್ಥಿಕ ದುಃಸ್ಥಿತಿ, ರಾಷ್ಟ್ರೀಯತೆಗಳ ಎಚ್ಚರ ಮುಂತಾದ ಒಳಗಿನ ಕಾರಣಗಳೇ ಪ್ರಬಲವಾಗಿದ್ದುವು. ಪೈಪೋಟಿಯ ಅಂತ್ಯವೇ ಬೇರೆ, ಒಕ್ಕೂಟದ ಅಂತ್ಯವೇ ಬೇರೆ; ಇವೆರಡನ್ನೂ ಒಂದಾಗಿ ಎಣಿಸುವುದರಿಂದಲೇ ಬಹಳಷ್ಟು ಗೊಂದಲವು ಹುಟ್ಟಿದೆ.

ಹೀಗೆ ವಿಚಾರಮಾಡಿದಲ್ಲಿ, ರೇಗನ್ನರ ಹಿರಿಮೆಯು ಎದುರಾಳಿಯನ್ನು ಕೆಡಹಿದುದರಲ್ಲಿಲ್ಲ; ಅವನು ಬದಲಾಗುತ್ತಿರುವುದನ್ನು ಗುರುತಿಸಿ, ತಮ್ಮ ಹಳೆಯ ಮಾತನ್ನು ತಾವೇ ಮೀರಿ ನಡೆದುದರಲ್ಲಿದೆಯೆಂದು ನಾವು ಭಾವಿಸುತ್ತೇವೆ. ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಬೆದರಿಕೆಯೇ ಗೆದ್ದಿತೆಂದು ಓದಿದ ಪೀಳಿಗೆಯು ಮುಂದೆಯೂ ಬೆದರಿಕೆಯನ್ನೇ ನೆಚ್ಚೀತು. 1987ರ ಆ ಒಪ್ಪಂದವು ಪರಸ್ಪರ ದೋಷಾರೋಪಣೆಗಳ ನಡುವೆ 2019ರಲ್ಲಿ ಕೊನೆಗೊಂಡುದನ್ನು ಕಂಡಿರುವ ನಾವು, ಅದನ್ನು ಕಟ್ಟಿದ ಬಗೆಯನ್ನು ವಿದ್ಯಾರ್ಥಿಗಳಿಗೆ ಯಥಾರ್ಥವಾಗಿ ತಿಳಿಸುವುದು ಅವಶ್ಯಕ.