ವೇಗವರ್ಧನ ಮಾಂದ್ಯ

ಎಕ್ಸಿಲರೇಟರನ್ನು ಪೂರ್ಣವಾಗಿ ತುಳಿದಾಗಲೂ ಕಾರು ತನ್ನ ಶಕ್ತಿಗೆ ತಕ್ಕಷ್ಟು ವೇಗವನ್ನು ಪಡೆಯದೆ ತೊಳಲುವ ದೋಷ. ಗ್ಯಾರೇಜುಗಳ ಮಾತಿನಲ್ಲಿ ‘ಪಿಕಪ್’ ಇಲ್ಲದಿರುವುದು, ಗಾಡಿ ‘ಎಳೆಯದಿರುವುದು’. ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಪೋಣಿಸುವ ರಾಷ್ಟ್ರೀಯ ಹೆದ್ದಾರಿ 66ರ ಸಮತಟ್ಟಿನಲ್ಲಿ ತಿಂಗಳುಗಟ್ಟಲೆ ಪ್ರಚ್ಛನ್ನವಾಗಿದ್ದ ಈ ದೋಷವು, ಶಿರಸಿಗೆ ಏರುವ ದೇವಿಮನೆ ಘಟ್ಟದಲ್ಲಿಯೋ, ಗೇರುಸೊಪ್ಪೆಯಿಂದ ಜೋಗದತ್ತ ಏರುವ ಹಾದಿಯಲ್ಲಿಯೋ, ಭಟ್ಕಳದಿಂದ ಸಾಗರದ ಕಡೆಗಿರುವ ಕೋಗಾರ ಘಟ್ಟದಲ್ಲಿಯೋ ಮೊದಲ ತಿರುವಿಗೇ ಪ್ರಕಟವಾಗುವುದುಂಟು.

ವೈದ್ಯಶಾಸ್ತ್ರದಲ್ಲಿ ರೋಗಮೂಲದ ಶೋಧನೆಗೆ ನಿದಾನವೆಂದು ಹೆಸರು. ಕಾರಿನ ಈ ನಿಧಾನಕ್ಕೂ ನಿದಾನವೇ ಮೊದಲಾಗಬೇಕಲ್ಲದೆ, ಹಳೆಯ ಗಾಡಿಗಳಲ್ಲಿ ರೂಢಿಯಿದ್ದಂತೆ ಗ್ಯಾರೇಜಿಗೆ ಬಂದ ಕೂಡಲೆ ಕಾರ್ಬುರೇಟರನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುವುದು ಚಿಕಿತ್ಸೆಯೆನಿಸದು. ಎಂಜಿನ್ನು ಶಕ್ತಿಯನ್ನು ಉತ್ಪಾದಿಸುತ್ತಿಲ್ಲವೋ, ಉತ್ಪನ್ನವಾದ ಶಕ್ತಿಯು ರಸ್ತೆಯನ್ನು ಮುಟ್ಟುವ ಮುನ್ನ ನಷ್ಟವಾಗುತ್ತಿದೆಯೋ ಎಂಬುದೇ ಪ್ರಥಮ ಪ್ರಶ್ನೆ. ಏರಿನಲ್ಲಿ ಎಂಜಿನ್ನಿನ ಸದ್ದು ಹೆಚ್ಚಿಯೂ ವೇಗ ಹೆಚ್ಚದಿದ್ದರೆ ಕ್ಲಚ್ ಪ್ಲೇಟು ಸವೆದು ಜಾರುತ್ತಿದೆಯೆಂದು ತಿಳಿಯತಕ್ಕುದು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಗಿಲಾದ ಮಳೆ ಮತ್ತು ಕಡಲಿನ ಉಪ್ಪುಗಾಳಿಗಳಿಂದ ಹ್ಯಾಂಡ್‌ಬ್ರೇಕಿನ ಕೇಬಲ್ಲೂ ಬ್ರೇಕ್ ಸಿಲಿಂಡರೂ ತುಕ್ಕುಹಿಡಿದು, ಕಾಲು ತೆಗೆದ ಮೇಲೂ ಬ್ರೇಕು ಬಿಡದಿರುವುದು ಈ ಸೀಮೆಯಲ್ಲಿ ಅಪೂರ್ವವಲ್ಲ. ಕೆಲವು ಮೈಲಿ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅದೇ ಸಾಕ್ಷಿ. ಮಳೆಗಾಲದ ಕೆಸರಿಗೆಂದು ಹಾಸಿದ ಎರಡನೆಯ ಮ್ಯಾಟು ಎಕ್ಸಿಲರೇಟರಿನ ಅಡಿಗೆ ಸರಿದು, ಥ್ರಾಟಲ್ಲನ್ನು ಪೂರ್ತಿ ತೆರೆಯಗೊಡದ ಪ್ರಸಂಗವೂ ಇಲ್ಲದಿಲ್ಲ. ಮ್ಯಾಟನ್ನು ಸರಿಸಿ ನೋಡುವ, ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಎಲ್ಲರೂ ಕೊನೆಗೇ ಮಾಡುವರು.

ದೋಷವು ಎಂಜಿನ್ನಿನದೇ ಎಂದಾದಲ್ಲಿ ಕಿಡಿಯ ವಿಚಾರ ಮೊದಲಾಗುವುದು ಲೇಸು. 1489 ಘನ ಸೆಂಟಿಮೀಟರಿನ ಹಳೆಯ ಪೆಟ್ರೋಲ್ ಅಂಬಾಸಿಡರಿನಲ್ಲಿ ಡಿಸ್ಟ್ರಿಬ್ಯೂಟರ್ ಪಾಯಿಂಟುಗಳ ಅಂತರ 0.014ರಿಂದ 0.016 ಅಂಗುಲವಿರಬೇಕು, ಅದು ಕೆಟ್ಟರೆ ಕಿಡಿಯ ಬಲವೂ ಕಾಲವೂ ಕೆಡುವುವು. ಆಷಾಢದ ತೇವವು ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ಸೇರಿದಾಗ ಕಿಡಿಯು ಪ್ಲಗ್ಗನ್ನು ಸೇರದೆ ಅಡ್ಡದಾರಿ ಹಿಡಿಯುವುದು: ಕತ್ತಲಲ್ಲಿ ಬಾನೆಟ್ಟನ್ನೆತ್ತಿ ಎಂಜಿನ್ನನ್ನು ನಡೆಸಿದರೆ ವಯರುಗಳ ಮೇಲೆ ನೀಲಿಯ ಮಿಣುಕು ಕಾಣುವುದು.

ಇಂಧನದ ದೋಷಕ್ಕೆ ಬೇರೆಯೇ ಲಕ್ಷಣ. ಘಟ್ಟದ ಬುಡದಲ್ಲಿ ಚೆನ್ನಾಗಿ ಎಳೆದ ಗಾಡಿ ನಡುವಿನಲ್ಲಿ ಸೋತು, ಕ್ಷಣಕಾಲ ನಿಂತು ಚೇತರಿಸಿಕೊಂಡು, ಮತ್ತೆ ಸೋತರೆ, ಟ್ಯಾಂಕಿನ ತುಕ್ಕು ತುಂಬಿದ ಫಿಲ್ಟರನ್ನಾಗಲಿ ದುರ್ಬಲವಾದ ಪಂಪನ್ನಾಗಲಿ ಸಂಶಯಿಸಬೇಕು. ಎಸ್‌ಯು ಕಾರ್ಬುರೇಟರುಳ್ಳ ಗಾಡಿಗಳಲ್ಲಿ ಡ್ಯಾಶ್‌ಪಾಟಿನ ಎಣ್ಣೆ ಆರಿಹೋಗಿದ್ದರೆ, ತಟ್ಟನೆ ತುಳಿದಾಗ ಮಿಶ್ರಣದಲ್ಲಿ ಪೆಟ್ರೋಲು ಸಾಲದೆ ಎಂಜಿನ್ನು ಒಮ್ಮೆ ಉಸಿರುಗಟ್ಟಿದಂತಾಗುವುದು. ಒಂದಿಷ್ಟು ಎಣ್ಣೆಯಿಂದ ತೀರುವ ಈ ತೊಂದರೆಗಾಗಿ ಹೊಸ ಕಾರ್ಬುರೇಟರನ್ನೇ ಕೊಂಡವರಿದ್ದಾರೆ.

ಹೊರಗಿನಿಂದ ಗಟ್ಟಿಯಾಗಿ ಕಾಣುವ ಸೈಲೆನ್ಸರಿನ ಒಳಗಿನ ತಗಡು ತುಕ್ಕಿನಿಂದ ಕಳಚಿ ಹೊಗೆಯ ದಾರಿಯನ್ನು ಕಟ್ಟುವುದೂ ಉಂಟು. ಇವೆಲ್ಲವೂ ಸರಿಯಿದ್ದಲ್ಲಿ ಕಂಪ್ರೆಶನ್ ಗೇಜನ್ನು ಹಿಡಿಯಬೇಕು. ಒತ್ತಡ ಕುಂದಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಸುರಿದು ಮರಳಿ ಅಳೆದಾಗ ಒತ್ತಡವು ಏರಿದರೆ ಪಿಸ್ಟನ್ ರಿಂಗುಗಳು ಸವೆದಿವೆ. ಏರದಿದ್ದರೆ ವಾಲ್ವುಗಳು ಸರಿಯಾಗಿ ಕೂರುತ್ತಿಲ್ಲವೆಂದೋ, ಹೆಡ್ ಗ್ಯಾಸ್ಕೆಟ್ ಹೋಗಿದೆಯೆಂದೋ ಊಹಿಸಿ ಹೆಡ್ಡನ್ನು ಬಿಚ್ಚಬಹುದು.