ಕಮರುದ್ದೀನ್‌ನಿಂದ ಮಾಂಬಳದವರೆಗೆ: ಹಣ್ಣಿನ ಹಾಳೆಯ ಚರಿತ್ರೆ

'ಕಮರುದ್ದೀನ್' ಎಂದೊಡನೆ ನಮ್ಮಲ್ಲಿ ಯಾರಿಗಾದರೂ ನೆಂಟರಲ್ಲೋ ನೆರೆಹೊರೆಯಲ್ಲೋ ಇರುವ ಒಬ್ಬ ವ್ಯಕ್ತಿಯ ಮುಖ ನೆನಪಾಗುತ್ತದೆ. ಆದರೆ ಸಿರಿಯಾ, ಈಜಿಪ್ಟ್, ಲೆಬನಾನ್ ದೇಶಗಳಲ್ಲಿ ಅದು ಒಂದು ತಿನಿಸಿನ ಹೆಸರೂ ಹೌದು. ಏಪ್ರಿಕಾಟ್ ಹಣ್ಣಿನ ರಸವನ್ನು ತೆಳುವಾಗಿ ಹರಡಿ ಬಿಸಿಲಿಗೆ ಒಣಗಿಸಿ ತೆಗೆದ ಕಿತ್ತಳೆ ಬಣ್ಣದ ಹಾಳೆಯದು. ಅದನ್ನು ಹರಿದು ಹಾಗೆಯೇ ತಿನ್ನುತ್ತಾರೆ. ರಮಝಾನ್ ತಿಂಗಳಲ್ಲಿ ನೀರಿನಲ್ಲಿ ನೆನೆಸಿ, ಕದಡಿ, ಇಫ್ತಾರ್‌ಗೆ ಶರಬತ್ತು ಮಾಡುತ್ತಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಬಂದ ನಮ್ಮ ಕರಾವಳಿಯ ಅನೇಕರಿಗೆ ಹೊಳೆಯುವ ಕಾಗದ ಸುತ್ತಿದ ಆ ಪೊಟ್ಟಣದ ಪರಿಚಯವಿದ್ದೀತು.

ನಮ್ಮ ಮನೆಗಳ ಮಾಂಬಳ ಇದರದೇ ಬಳಗದ್ದು. ಮಾವಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಒಣಗಿಸಿ ಮಾಡುವ ಈ ಹಾಳೆಯನ್ನು ಆಂಧ್ರದವರು ಮಾಮಿಡಿ ತಾಂಡ್ರ ಎನ್ನುತ್ತಾರೆ, ಬಂಗಾಳದವರು ಆಮ್‌ಸತ್ತ್ವ, ಕೊಂಕಣದವರು ಆಂಬಾಪೋಳಿ, ಉತ್ತರ ಭಾರತದವರು ಆಮ್ ಪಾಪಡ್. ತುರ್ಕಿಯ ಪೆಸ್ತಿಲ್, ಇರಾನಿನ ಲವಾಶಕ್, ಜಾರ್ಜಿಯಾದ ಟ್ಕ್ಲಾಪಿ ಇವುಗಳೂ ಇದೇ ಕುಟುಂಬದವು. ಹಣ್ಣು ಬೇರೆ, ಹೆಸರು ಬೇರೆ, ವಿದ್ಯೆ ಒಂದೇ.

ಇಬ್ನು ಬತೂತಾ ಕಂಡ ಹಣ್ಣು

ಹಣ್ಣನ್ನು ಒಣಗಿಸಿ ಇಡುವ ಕಲೆ ಬಹಳ ಹಳೆಯದು. ಮಧ್ಯಯುಗದ ಅರಬ್ ಕೃಷಿ ವಿದ್ವಾಂಸರು ಇದನ್ನು ಶಾಸ್ತ್ರವಾಗಿಯೇ ಬರೆದಿಟ್ಟಿದ್ದಾರೆ. 12ನೇ ಶತಮಾನದಲ್ಲಿ ಸ್ಪೇನಿನ ಸೆವಿಲ್ಲೆಯಲ್ಲಿದ್ದ ಇಬ್ನುಲ್ ಅವ್ವಾಮ್ ತಮ್ಮ 'ಕಿತಾಬುಲ್ ಫಿಲಾಹ' ಎಂಬ ಬೃಹತ್ ಕೃಷಿ ಗ್ರಂಥದಲ್ಲಿ ಹಣ್ಣು ಮತ್ತು ಧಾನ್ಯಗಳನ್ನು ಕೆಡದಂತೆ ಕಾಪಿಡುವ ಬಗೆಗೂ ಸ್ಥಳ ಕೊಟ್ಟಿದ್ದಾರೆ.

ಕಮರುದ್ದೀನ್ ಎಂಬ ಹೆಸರು ಹೇಗೆ ಬಂತೆಂಬುದಕ್ಕೆ ಹಲವು ಕಥೆಗಳಿವೆ. ಅವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ವಿಶ್ವಯಾತ್ರಿಕ ಇಬ್ನು ಬತೂತಾರದು. 1325ರಲ್ಲಿ ಮೊರಾಕ್ಕೊದ ತಾಂಜೀರ್‌ನಿಂದ ಹೊರಟ ಅವರು 1330ರ ದಶಕದ ಆರಂಭದಲ್ಲಿ ಇಂದಿನ ತುರ್ಕಿಯ ಅಂತಾಲಿಯಾ ನಗರಕ್ಕೆ ಬಂದರು. ಅಲ್ಲಿ ಕಮರುದ್ದೀನ್ ಎಂದು ಕರೆಯಲ್ಪಡುವ ಉತ್ಕೃಷ್ಟ ಏಪ್ರಿಕಾಟ್ ಬೆಳೆಯುತ್ತದೆ, ಅದರ ಬೀಜದೊಳಗಿನ ತಿರುಳು ಬಾದಾಮಿಯಂತೆ ಸಿಹಿ, ಅದನ್ನು ಒಣಗಿಸಿ ಈಜಿಪ್ಟಿಗೆ ಕಳುಹಿಸುತ್ತಾರೆ, ಅಲ್ಲಿ ಅದು ಅಪರೂಪದ ವಸ್ತು ಎಂದು ಅವರು ದಾಖಲಿಸಿದ್ದಾರೆ. ಅಂದರೆ ಸುಮಾರು 700 ವರ್ಷಗಳ ಹಿಂದೆ ಈ ಹೆಸರು ಹಣ್ಣಿಗೇ ಇತ್ತು, ಒಣಗಿಸಿದ ಹಣ್ಣಿನ ಸಮುದ್ರ ವ್ಯಾಪಾರವೂ ನಡೆಯುತ್ತಿತ್ತು.

ಇದೇ ಇಬ್ನು ಬತೂತಾ ಮುಂದೆ ಭಾರತಕ್ಕೆ ಬಂದು, 1342ರ ಸುಮಾರಿಗೆ ನಮ್ಮ ಕರಾವಳಿಯಲ್ಲೂ ಪ್ರಯಾಣ ಮಾಡಿದರು. ಹೊನ್ನಾವರ, ಬಾರ್ಕೂರು, ಮಂಗಳೂರುಗಳ ಹೆಸರು ಅವರ ಪ್ರವಾಸ ಕಥನದಲ್ಲಿವೆ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಹಾಗೂ ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡುದಾಗಿಯೂ ಇಂತಹದನ್ನು ಬೇರೆಲ್ಲೂ ನೋಡಲಿಲ್ಲವೆಂದೂ ಅವರು ಬರೆದರು. ಭಾರತದ ಮಾವು ಮತ್ತು ಹಲಸುಗಳನ್ನು ವರ್ಣಿಸಿ, ಎಳೆ ಮಾವಿನಕಾಯಿಯನ್ನು ಉಪ್ಪಿನಲ್ಲಿ ಹಾಕಿಡುವ ಕ್ರಮವನ್ನೂ ಹೇಳಿದ್ದಾರೆ. ಶಾಲೆಗಳ ಸಂಖ್ಯೆಯನ್ನೂ ಉಪ್ಪಿನಕಾಯಿಯ ವಿಧಾನವನ್ನೂ ಸಮಾನ ಆಸಕ್ತಿಯಿಂದ ಗಮನಿಸಿದ ಅವರ ಕಣ್ಣು ನಮ್ಮ ವಿದ್ಯಾರ್ಥಿಗಳಿಗೆ ಮಾದರಿಯಾಗಬೇಕು.

ಗೂತಾದ ತೋಟಗಳು

ಕಮರುದ್ದೀನ್‌ಗೆ ಹೆಸರಾದ ಊರು ಡಮಾಸ್ಕಸ್. ಬರದಾ ನದಿಯ ನೀರುಂಡ, ನಗರವನ್ನು ಸುತ್ತುವರಿದ ಹಸಿರು ಪ್ರದೇಶಕ್ಕೆ ಗೂತಾ ಎಂದು ಹೆಸರು. ಅಲ್ಲಿ ಏಪ್ರಿಕಾಟ್ ಹಣ್ಣಾಗುವುದು ಬೇಸಿಗೆಯ ಕೆಲವೇ ವಾರ. ಆ ಅವಧಿ ಎಷ್ಟು ಚಿಕ್ಕದೆಂದರೆ, ಆಗದ ಮಾತಿಗೆ 'ನಾಳೆ, ಏಪ್ರಿಕಾಟ್ ಕಾಲದಲ್ಲಿ' ಎಂದು ಹೇಳುವ ರೂಢಿ ಈಜಿಪ್ಟಿನ ಜನರಲ್ಲಿದೆ. ಕೆಲವು ವಾರದ ಬೆಳೆಯನ್ನು ವರ್ಷಪೂರ್ತಿ ಉಳಿಸುವ ಉಪಾಯವೇ ಈ ಹಾಳೆ. ಹಣ್ಣನ್ನು ತೊಳೆದು, ಬೀಜ ತೆಗೆದು, ಬಣ್ಣ ಕೆಡದಂತೆ ಗಂಧಕದ ಹೊಗೆ ಕೊಟ್ಟು, ಹಿಂಡಿ ಸೋಸಿ, ಎಣ್ಣೆ ಸವರಿದ ಮರದ ಹಲಗೆಗಳ ಮೇಲೆ ಸುರಿದು ಬಿಸಿಲಿಗಿಡುತ್ತಾರೆ. ಒಣಗಿದ ಮೇಲೆ ಬಟ್ಟೆಯಂತೆ ಎಬ್ಬಿಸಿ ಮಡಚುತ್ತಾರೆ.

2011ರಲ್ಲಿ ಆರಂಭವಾದ ಸಿರಿಯಾದ ಸಂಘರ್ಷ ಈ ತೋಟಗಳ ಮೇಲೆ ಬಿತ್ತು. 2013ರಿಂದ 2018ರವರೆಗೆ ಪೂರ್ವ ಗೂತಾ ಮುತ್ತಿಗೆಯಲ್ಲಿತ್ತು. ಇಂಧನವಿಲ್ಲದ ಜನ ತಮ್ಮದೇ ಹಣ್ಣಿನ ಮರಗಳನ್ನು ಸೌದೆಗಾಗಿ ಕಡಿಯಬೇಕಾಯಿತು. ಹಣ್ಣಿನ ಮರವೊಂದು ಫಲಕ್ಕೆ ಬರಲು ವರ್ಷಗಳು ಬೇಕು. ಅದರ ಹಣ್ಣನ್ನು ಹದ ಮಾಡಬಲ್ಲ ಕೈ ಪಳಗಲು ಒಂದು ತಲೆಮಾರು ಬೇಕು. ಯುದ್ಧದ ನಷ್ಟವನ್ನು ಲೆಕ್ಕ ಹಾಕುವವರು ಇಂತಹ ನಷ್ಟವನ್ನು ಎಣಿಸುವುದಿಲ್ಲ.

ಬಿಸಿಲಿನಿಂದ ಯಂತ್ರಕ್ಕೆ

ಡಮಾಸ್ಕಸ್‌ನ ಬೇಸಿಗೆಯಲ್ಲಿ ಮಳೆಯಿಲ್ಲ, ಗಾಳಿ ಒಣ. ನಮ್ಮ ಕರಾವಳಿಯಲ್ಲಿ ಮಾವು ಹಣ್ಣಾಗಿ ಉದುರುವ ಹೊತ್ತಿಗೆ ಜೂನ್ ಮಳೆ ಬಾಗಿಲಲ್ಲಿರುತ್ತದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಆದ್ದರಿಂದಲೇ ನಮ್ಮ ಅಜ್ಜಿಯಂದಿರು ರಸವನ್ನು ಒಮ್ಮೆಲೇ ದಪ್ಪವಾಗಿ ಸುರಿಯಲಿಲ್ಲ. ಇಂದು ಒಂದು ತೆಳು ಪದರ, ಅದು ಒಣಗಿದ ಮೇಲೆ ಇನ್ನೊಂದು, ಹೀಗೆ ದಿನಗಟ್ಟಲೆ ಎರೆದರು. ಮಳೆ ಬೇಗ ಬಂದ ವರ್ಷ ಅರ್ಧ ಒಣಗಿದ ಮಾಂಬಳಕ್ಕೆ ಬೂಷ್ಟು ಹಿಡಿಯುತ್ತಿತ್ತು. ಬಿಸಿಲಿನ ಹಂಗಿಲ್ಲದೆ ಒಣಗಿಸುವ ಯಂತ್ರದ ಅಗತ್ಯ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಬಿಸಿ ಗಾಳಿ ಹಾಯಿಸಿ ತರಕಾರಿ ಒಣಗಿಸುವ ಸಾಧನವನ್ನು ಫ್ರಾನ್ಸ್‌ನಲ್ಲಿ 1795ರ ಸುಮಾರಿಗೆ ರೂಪಿಸಲಾಯಿತು. ಮುಂದೆ ಅದನ್ನು ಬೆಳೆಸಿದ್ದು ಮುಖ್ಯವಾಗಿ ಸೈನ್ಯಗಳ ಅಗತ್ಯ. ಹಗುರವಾದ, ಕೆಡದ ಆಹಾರ ಯುದ್ಧಭೂಮಿಗೆ ಬೇಕಿತ್ತು. ಎರಡು ಮಹಾಯುದ್ಧಗಳ ಕಾಲದಲ್ಲಿ ಈ ಉದ್ಯಮ ದೊಡ್ಡದಾಯಿತು. 1970ರ ದಶಕದಲ್ಲಿ ಅಮೆರಿಕದ ಅಡುಗೆಮನೆಗಳಿಗೆ ವಿದ್ಯುತ್ತಿನ ಚಿಕ್ಕ ಡಿಹೈಡ್ರೇಟರ್‌ಗಳು ಬಂದವು. ಅದೇ ದೇಶಕ್ಕೆ ಕಮರುದ್ದೀನನ್ನು ಕೊಂಡೊಯ್ದವರು ಸಿರಿಯಾದ ವಲಸಿಗರು. ನ್ಯೂಯಾರ್ಕಿನ ತಮ್ಮ ಅಂಗಡಿಯಲ್ಲಿ ಏಪ್ರಿಕಾಟ್ ಹಾಳೆ ಮಾರುತ್ತಿದ್ದ ಶಲ್ಹೂಬ್ ಕುಟುಂಬ ಅದನ್ನೇ 'ಜೋರೆ' ಹೆಸರಿನಲ್ಲಿ ಸುರುಳಿಯಾಗಿ ಮಾರಿತು. 1983ರಲ್ಲಿ ಜನರಲ್ ಮಿಲ್ಸ್ ಕಂಪನಿ 'ಫ್ರೂಟ್ ರೋಲ್ ಅಪ್ಸ್' ಎಂಬ ಮಿಠಾಯಿಯನ್ನು ದೇಶದಾದ್ಯಂತ ಬಿಟ್ಟಿತು. ಅದನ್ನು ತಿಂದ ಎಷ್ಟು ಮಕ್ಕಳಿಗೆ ಗೂತಾದ ಹೆಸರು ಗೊತ್ತಿದ್ದೀತು?

ನಮ್ಮ ನಾಡಿನಲ್ಲೂ ಈ ಕೆಲಸ ನಡೆದಿದೆ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆ ಮಾವಿನ ತಿರುಳಿನಿಂದ ಹಣ್ಣಿನ ಬಾರ್ ತಯಾರಿಸುವ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿ ಉದ್ಯಮಿಗಳಿಗೆ ನೀಡಿದೆ.

ಮನೆಯಲ್ಲಿ ಮಾಡುವ ಕ್ರಮ ಮತ್ತು ಕಾರಣ

ಹಣ್ಣಿನಲ್ಲಿ ಸುಮಾರು 80ರಿಂದ 85 ಭಾಗ ನೀರು. ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬದುಕುವುದು ಆ ನೀರಿನಿಂದ. ಅದನ್ನು ಸುಮಾರು 20 ಭಾಗಕ್ಕೆ ಇಳಿಸಿದರೆ ಉಳಿದ ನೀರನ್ನು ಹಣ್ಣಿನ ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ, ಹುಳಿ ಅದಕ್ಕೆ ನೆರವಾಗುತ್ತದೆ. ಹಾಳೆ ಹರಿಯದೆ ಬಾಗುವುದಕ್ಕೆ ಹಣ್ಣಿನೊಳಗಿನ ಪೆಕ್ಟಿನ್ ಕಾರಣ.

ಚೆನ್ನಾಗಿ ಹಣ್ಣಾದ ಮಾವಿನ ತಿರುಳನ್ನು ನಾರಿಲ್ಲದಂತೆ ಸೋಸಿ, ಎರಡು ಲೋಟಕ್ಕೆ ಎರಡು ಚಮಚದಂತೆ ನಿಂಬೆರಸ ಸೇರಿಸಿ. ತಿರುಳನ್ನು 71 ಡಿಗ್ರಿ ಸೆಲ್ಸಿಯಸ್‌ಗೆ ಮುಟ್ಟುವವರೆಗೆ ಬಿಸಿ ಮಾಡಿ ಆರಿಸಿದರೆ ಅದರಲ್ಲಿರಬಹುದಾದ ರೋಗಾಣುಗಳು ಸಾಯುತ್ತವೆ. ಡಿಹೈಡ್ರೇಟರಿನ ತಟ್ಟೆಗೆ ತೆಳ್ಳಗೆ ಎಣ್ಣೆ ಸವರಿ, ನಡುವೆ 3 ಮಿಲಿಮೀಟರ್, ಅಂಚಿನಲ್ಲಿ ಅದಕ್ಕಿಂತ ತುಸು ದಪ್ಪ ಬರುವಂತೆ ಹರಡಿ. ಅಂಚು ಮೊದಲು ಒಣಗುವುದರಿಂದ ಈ ಜಾಣ್ಮೆ. 60 ಡಿಗ್ರಿಯಲ್ಲಿ ಆರರಿಂದ ಎಂಟು ಗಂಟೆ ಬೇಕು, ತೇವದ ಹವೆಯಲ್ಲಿ ಇನ್ನೂ ಹೆಚ್ಚು. ಅವಸರದಿಂದ ಶಾಖ ಹೆಚ್ಚಿಸಿದರೆ ಮೇಲ್ಪದರ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಉಳಿಯುತ್ತದೆ, ಹಾಳೆ ಕೆಡುತ್ತದೆ. ನಡುವೆ ಬೆರಳಿಟ್ಟರೆ ಗುಳಿ ಬೀಳಬಾರದು, ಅಂಟಬಾರದು. ಬೆಚ್ಚಗಿರುವಾಗಲೇ ಎಬ್ಬಿಸಿ, ಆರಿದ ಮೇಲೆ ಸುರುಳಿ ಸುತ್ತಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಂಪು ಜಾಗದಲ್ಲಿ ಒಂದು ತಿಂಗಳು, ಫ್ರೀಜರ್‌ನಲ್ಲಿ ಒಂದು ವರ್ಷ ಉಳಿಯುತ್ತದೆ.

ಬರೆದಿಡಬೇಕಾದ ವಿದ್ಯೆ

ತೆಳುವಾಗಿ ಎರೆಯಬೇಕು, ಅವಸರ ಮಾಡಬಾರದು, ಅಂಚನ್ನು ಗಮನಿಸಬೇಕು. ಇವನ್ನು ಇಂದು ವಿಜ್ಞಾನ ಕಾರಣ ಸಹಿತ ಹೇಳುತ್ತಿದೆ. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ತಾಯಂದಿರು ಕೈಯಳತೆಯಿಂದಲೇ ಇವನ್ನು ಅರಿತಿದ್ದರು. ಆದರೆ ಅವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ. ಇಬ್ನುಲ್ ಅವ್ವಾಮ್ ಬರೆದದ್ದು ಉಳಿಯಿತು, ಇಬ್ನು ಬತೂತಾ ಹೇಳಿ ಬರೆಸಿದ್ದು ಉಳಿಯಿತು. ಬರೆಯದೆ ಹೋದದ್ದು ಮರದೊಂದಿಗೆ, ಮನುಷ್ಯರೊಂದಿಗೆ ಮಣ್ಣಾಯಿತು.

ನಮ್ಮಲ್ಲಿ ಯುದ್ಧವಿಲ್ಲ. ಆದರೂ ಮಾಂಬಳಕ್ಕೆ ಹೇಳಿಮಾಡಿಸಿದ ಕಾಟು ಮಾವಿನ ಮರಗಳು ರಸ್ತೆಗಾಗಿ, ಮನೆಗಾಗಿ ಉರುಳುತ್ತಿವೆ. ಉದುರಿದ ಹಣ್ಣು ಮರದಡಿಯಲ್ಲೇ ಕೊಳೆಯುತ್ತದೆ. ಆಹಾರವನ್ನು ಪೋಲು ಮಾಡಬಾರದೆಂದು ಕಲಿತವರು ನಾವು. ಮುಂದಿನ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರ ಬಳಿ ಕುಳಿತು ಯಾವ ಮರದ ಹಣ್ಣು, ಎಷ್ಟು ಪದರ, ಎಷ್ಟು ದಿನದ ಬಿಸಿಲು ಎಂದು ಕೇಳಿ ಬರೆದುಕೊಳ್ಳಲಿ. ಗೃಹ ವಿಜ್ಞಾನ, ರಸಾಯನ ಶಾಸ್ತ್ರ ಓದುವವರು ಅದನ್ನು ಯಂತ್ರದಲ್ಲಿ ಪರೀಕ್ಷಿಸಲಿ. ಪಾಠಪುಸ್ತಕದಲ್ಲಿ ಇಲ್ಲದ ಚರಿತ್ರೆಯನ್ನು ಬರೆಯುವ ಕೆಲಸ ಅಲ್ಲಿಂದಲೇ ಆರಂಭವಾಗಬಹುದು.